ಪ್ರಯೋಗದ ಆಲ್ಬಮ್‌ಗೆ ಮೊದಲು ಅಳತೆ ಬೇಕು

ನಾನು ಮುಂಬಯಿಯಲ್ಲಿ ರೆಕಾರ್ಡಿಸ್ಟ್. ಅಂಧೇರಿಯ ಚಿಕ್ಕ ಸ್ಟುಡಿಯೋ ಒಂದರಲ್ಲಿ ಕೆಲಸ. ಜಿಂಗಲ್, ಡಬ್ಬಿಂಗ್, ಭಜನೆ, ರಾಕ್ ಬ್ಯಾಂಡ್ ಎಲ್ಲವೂ ಬರುತ್ತವೆ. ಇವೆಲ್ಲಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ. ಬಹಳ ವರ್ಷ ಬ್ಯಾಂಡ್‌ನಲ್ಲಿ ನುಡಿಸಿದ ಹಿರಿಯರು ಒಬ್ಬರೇ ಬಂದು, "ಈ ಸಲ ಹಾಡು ಬೇಡ, ಬೇರೆ ಏನಾದರೂ ಮಾಡೋಣ" ಅನ್ನುತ್ತಾರಲ್ಲ, ಅದು.

ಹಾಡಿಗೆ ಪಲ್ಲವಿ, ಚರಣ ಇರುತ್ತವೆ. ಸಾಹಿತ್ಯ ಮುಗಿದರೆ ಹಾಡೂ ಮುಗಿಯಿತು. ಪ್ರಯೋಗದಲ್ಲಿ ಎಲ್ಲಿ ನಿಲ್ಲಿಸಬೇಕು ಅಂತ ನುಡಿಸುವವರಿಗೂ ತಿಳಿಯದು, ನನಗೂ ತಿಳಿಯದು. ಮೊದಲಾದರೆ ಟೇಪ್ ಮುಗಿಯುತ್ತಿತ್ತು. ಈಗ ಹಾರ್ಡ್ ಡಿಸ್ಕ್ ಮುಗಿಯುವುದೇ ಇಲ್ಲ.

ಇದಕ್ಕೆ ದಾರಿ ನನಗೆ ಸಿಕ್ಕಿದ್ದು ಇದೇ ಊರಿನಲ್ಲಿ ಆದ ಒಂದು ಕೆಲಸದಿಂದ. 1968ರ ಜನವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್‌ನ ಜಾರ್ಜ್ ಹ್ಯಾರಿಸನ್ ಬೊಂಬಾಯಿಯಲ್ಲಿ ಎಚ್‌ಎಂವಿ ರೆಕಾರ್ಡ್ ಕಂಪನಿಯ ಸ್ಟುಡಿಯೋಗೆ ಬಂದರು. 'ವಂಡರ್‌ವಾಲ್' ಸಿನಿಮಾದ ಸಂಗೀತದ ಒಂದು ಭಾಗ ಇಲ್ಲೇ ರೆಕಾರ್ಡ್ ಆಯಿತು. ಆಶಿಶ್ ಖಾನ್ ಅವರ ಸರೋದ್, ಶಿವಕುಮಾರ್ ಶರ್ಮಾ ಅವರ ಸಂತೂರ್, ಮಹಾಪುರುಷ್ ಮಿಶ್ರಾ ಅವರ ತಬಲಾ. ರೆಕಾರ್ಡಿಂಗ್ ಯಂತ್ರ ಎರಡೇ ಟ್ರ್ಯಾಕ್‌ನದು, ಅಂದರೆ ಬೇರೆಬೇರೆಯಾಗಿ ಹಿಡಿದಿಡಲು ಆಗುತ್ತಿದ್ದದ್ದು ಎರಡೇ ಧ್ವನಿ. ರಸ್ತೆಯ ಗದ್ದಲ ಒಳಗೇ ಕೇಳಿಸುತ್ತಿತ್ತು.

ಸಿನಿಮಾದ ನಿರ್ದೇಶಕ ಜೋ ಮಸ್ಸೊ ಹ್ಯಾರಿಸನ್‌ಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದರು. ಆದರೂ ಹ್ಯಾರಿಸನ್ ಸ್ಟಾಪ್‌ವಾಚ್ ಹಿಡಿದು ಸಿನಿಮಾ ನೋಡಿದರು. ಯಾವ ದೃಶ್ಯ ಎಷ್ಟು ಹೊತ್ತು ಅಂತ ಬರೆದಿಟ್ಟುಕೊಂಡರು. ಅಷ್ಟಷ್ಟಕ್ಕೇ ಸಂಗೀತ ಕಟ್ಟಿದರು. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಆಲ್ಬಮ್‌ನಲ್ಲಿ 19 ಚಿಕ್ಕ ಚಿಕ್ಕ ತುಣುಕುಗಳಿವೆ. ಬೀಟಲ್ಸ್ ಪೈಕಿ ಒಬ್ಬರು ತಮ್ಮದೇ ಹೆಸರಲ್ಲಿ ತಂದ ಮೊದಲ ಆಲ್ಬಮ್ ಅದು. ಮರುವರ್ಷ ಅವರೇ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಮೂಗ್ ಸಿಂಥಸೈಜರ್‌ನಲ್ಲಿ 'ಎಲೆಕ್ಟ್ರಾನಿಕ್ ಸೌಂಡ್' ಮಾಡಿದರು. ರೆಕಾರ್ಡಿನ ಬದಿಗೊಂದರಂತೆ ಎರಡೇ ತುಣುಕು, ಒಂದಂತೂ 25 ನಿಮಿಷ. ನಾನು ಮತ್ತೆ ಮತ್ತೆ ಕೇಳುವುದು ಸ್ಟಾಪ್‌ವಾಚ್‌ನ ಆಲ್ಬಮ್ಮನ್ನೇ.

ಹೀಗೆ ಪ್ರಯೋಗ ಮಾಡಲು ನಮ್ಮಲ್ಲಿಗೆ ಬಂದ ಒಬ್ಬ ಹಿರಿಯ ಗಿಟಾರ್ ವಾದಕರು ಮಂಗಳೂರು ಕಡೆಯವರು. ಎಲೆಕ್ಟ್ರಿಕ್ ಗಿಟಾರ್ ಮತ್ತು ತಂಬೂರಿ, ಇವೆರಡೇ ಸಾಕು ಅಂದರು. ಕೇಳಲು ಸುಲಭ, ಆದರೆ ಶ್ರುತಿಯಲ್ಲೇ ತಕರಾರು ಶುರುವಾಯಿತು. ತಂಬೂರಿ ಚೆನ್ನಾಗಿ ಕೂಡಿದಾಗ ತಾನಾಗಿ ಒಂದು ಗಾಂಧಾರ ಕೇಳಿಸುತ್ತದೆ, ಅಲ್ವಾ? ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ, ಅಂದರೆ ಫ್ರೆಟ್, ಕೊಡುವ ಗಾಂಧಾರಕ್ಕಿಂತ ಅದು ಸುಮಾರು 14 ಸೆಂಟ್ ಕೆಳಗಿರುತ್ತದೆ. ಸೆಂಟ್ ಅಂದರೆ ಸ್ವರಗಳ ಅಂತರದ ಅಳತೆ. ಗಿಟಾರಿನಲ್ಲಿ ಪಕ್ಕಪಕ್ಕದ ಎರಡು ಫ್ರೆಟ್‌ಗಳ ನಡುವೆ 100 ಸೆಂಟ್. ಅದರಲ್ಲಿ 14 ಅಂದರೆ ಕಿವಿಗೆ ಚೆನ್ನಾಗೇ ತಿಳಿಯುತ್ತದೆ. ಪಂಚಮದಲ್ಲಿ ವ್ಯತ್ಯಾಸ ಬರೀ 2 ಸೆಂಟ್, ಅದು ಪರವಾಗಿಲ್ಲ. ಗಿಟಾರಿನ ನಾದವನ್ನು ಒರಟು ಮಾಡುವ ಡಿಸ್ಟಾರ್ಷನ್ ಪೆಡಲ್ ಒತ್ತಿದರೆ ಗಾಂಧಾರದ ಜಗಳ ಇನ್ನೂ ಜಾಸ್ತಿ. ಸಾಫ್ಟ್‌ವೇರ್‌ನಲ್ಲಿ ಸರಿಮಾಡಲು ನನಗೆ ಮನಸ್ಸಿರಲಿಲ್ಲ, ನಾದ ಸಪ್ಪೆಯಾಗುತ್ತದೆ. ಅವರು ಸ್ಲೈಡ್, ಅಂದರೆ ಬೆರಳಿಗೆ ಹಾಕುವ ಗಾಜಿನ ಕೊಳವೆ, ಹೊರತೆಗೆದರು. ತಂತಿಯ ಮೇಲೆ ಸ್ಲೈಡ್ ಜಾರಿಸಿದರೆ ಫ್ರೆಟ್‌ನ ಹಂಗಿಲ್ಲ. ಗಾಂಧಾರ ಎಲ್ಲಿ ಬೇಕೋ ಅಲ್ಲೇ ಕೂತಿತು. ರಾಕ್ ನುಡಿಸಿದ ಆ ಕೈ ತಂಬೂರಿಯ ಜೊತೆ ಅಷ್ಟು ಶಾಂತವಾಗಿ ಸೇರಿದ್ದು ಕೇಳಿ ನನಗೆ ಮೈ ಜುಮ್ಮೆಂದಿತು.

ಶ್ರುತಿ ಸೇರಿದ ಮೇಲೆ ನಿಲ್ಲಿಸುವುದೇ ಕಷ್ಟ. ನುಡಿಸುತ್ತಲೇ ಇದ್ದರು. ಆಗ ನಾನು ಸ್ಟಾಪ್‌ವಾಚ್‌ನ ಕಥೆ ಹೇಳಿದೆ.

"ಪ್ರಯೋಗಕ್ಕೆ ಟೈಮ್ ಎಂತಕ್ಕೆ ಮಾರಾಯ?" ಅಂದರು.

"ಸರ್, ಕೇಳುವವರಿಗೆ ನೀವು ಎಲ್ಲಿಗೆ ಹೊರಟಿದ್ದೀರಿ ಅಂತ ಗೊತ್ತಿರುವುದಿಲ್ಲ. ಮುಗಿಯುವ ಜಾಗ ನಿಮಗಾದರೂ ಗೊತ್ತಿರಲಿ" ಅಂದೆ.

ಅವರ ಮೊಬೈಲ್‌ನಲ್ಲಿ ಮುಂಬಯಿಯ ಶಿವಡಿಯ ಕೆಸರು ದಂಡೆಯಲ್ಲಿ ಫ್ಲೆಮಿಂಗೋಗಳನ್ನು ತೆಗೆದ ವಿಡಿಯೋಗಳಿದ್ದವು. ಒಂದೊಂದು ತುಣುಕಿಗೆ ಒಂದೊಂದು ವಿಡಿಯೋ ಅಂತ ಗೊತ್ತುಮಾಡಿದೆವು. ವಿಡಿಯೋ ಎಷ್ಟು ಉದ್ದವೋ ಸಂಗೀತವೂ ಅಷ್ಟೇ. ಹಕ್ಕಿ ಯಾವಾಗ ಏಳುತ್ತದೆ ಅಂತ ಮೊದಲೇ ಗೊತ್ತಿದ್ದರಿಂದ ಅವರು ಅದಕ್ಕೂ ಮುಂಚೆ ಸ್ವರ ಕಡಿಮೆ ಮಾಡಿ ಜಾಗ ಬಿಡಲು ಶುರುಮಾಡಿದರು. ಟೇಕ್‌ಗಳು, ಅಂದರೆ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸಿ ರೆಕಾರ್ಡ್ ಮಾಡುವ ಸಲಗಳು, ಕಡಿಮೆಯಾದವು. ಯಾವ ಟೇಕ್ ಒಳ್ಳೆಯದು ಅನ್ನುವ ವಾದವೂ ಕಡಿಮೆಯಾಯಿತು.

ಈಗ ಇಂಥ ಕೆಲಸ ಬಂದರೆ ಮೈಕ್ ಹಾಕುವ ಮೊದಲೇ ಉದ್ದ ಕೇಳುತ್ತೇನೆ. ವಿಡಿಯೋ ಇಲ್ಲದಿದ್ದರೆ ಒಂದು ಕವಿತೆ ಓದುವಷ್ಟು ಹೊತ್ತು, ಇಲ್ಲವೇ ದಾದರ್‌ನಿಂದ ಕುರ್ಲಾಗೆ ಲೋಕಲ್ ಹೋಗುವಷ್ಟು ಹೊತ್ತು. ಯಾವುದಾದರೂ ಸರಿ, ಅವರಿಗೆ ಸಂಬಂಧಪಟ್ಟದ್ದಾಗಿರಬೇಕು. ನಾನು ಸುಮ್ನೆ ಮೂರು ನಿಮಿಷ ಅಂದರೆ ಅವರಿಗದು ಬರೀ ಕಟ್ಟುಪಾಡು.

ಆ ಹಿರಿಯರಿಗೆ ಒಂದು ತುಣುಕು ಚಿಕ್ಕದಾಯಿತು ಅನ್ನಿಸಿತು. ಟೇಕ್ ಎಳೆಯಲಿಲ್ಲ. ಮತ್ತೆ ಶಿವಡಿಗೆ ಹೋಗಿ ಇನ್ನೂ ಉದ್ದದ ವಿಡಿಯೋ ತೆಗೆದುಕೊಂಡು ಬಂದರು.