ಬೆವರು ಆರದ ದಿನಗಳು

2024 ಮೇ 4, ಶನಿವಾರ
ಕುಮಟಾ

ಹತ್ತು ಗಂಟೆಗೇ ಗಾಳಿ ಬಿದ್ದುಹೋಗಿತ್ತು. ನೆಲ ಕಾದು ಕಡಲ ಗಾಳಿ ಏಳಲು ಮಧ್ಯಾಹ್ನವಾಗಬೇಕು, ಅಲ್ಲಿಯವರೆಗಿನ ಹೊತ್ತೇ ಕಷ್ಟದ್ದು. ಭರಣಿಯಲ್ಲಿದ್ದ ಸಾಣಿಕಟ್ಟಾ ಉಪ್ಪು ಪಸೆಯೊಡೆದು ಚಮಚಕ್ಕೆ ಮೆತ್ತಿಕೊಳ್ಳುತ್ತಿದೆ.

ಕಲಬುರಗಿಯ ಗೆಳೆಯ ಫೋನ್ ಮಾಡಿದ್ದ. ‘ನಿಮ್ಮ ಕಡೆ ಎಂಥ ಬಿಸಲೋ ಮಾರಾಯ, ಇಲ್ಲಿ 40 ದಾಟೇದ’ ಎಂದ. ಇಲ್ಲಿ 34 ಇತ್ತು. ಆದರೆ ಬೆವರು ಎಷ್ಟು ಸುರಿದರೇನು, ಆರಿದರಷ್ಟೇ ಮೈ ತಂಪಾಗುವುದು. ನಮ್ಮ ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿರುತ್ತದೆ. ಬೆವರು ಬೆನ್ನಿಂದಿಳಿದು ಪಂಚೆ ತೋಯಿಸುತ್ತದೆ, ಕಾವು ಮಾತ್ರ ಒಳಗೇ ಉಳಿಯುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲೂ ಕರಾವಳಿಗೆ ಬೇರೆಯೇ ಅಳತೆ. ಬಯಲುಸೀಮೆಯಲ್ಲಿ ಬಿಸಿಗಾಳಿ ಎನ್ನಲು 40 ಡಿಗ್ರಿಯಾದರೂ ಆಗಬೇಕು. ಇಲ್ಲಿ 37 ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಏರಿದ್ದರೆ ಸಾಕು. ಕೂಲರ್ ತಗೋ ಎಂದೂ ಗೆಳೆಯ ಹೇಳಿದ. ಅವನ ಒಣಹವೆಗೆ ಅದು ಸರಿ, ಇಲ್ಲಿ ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ ಅಷ್ಟೆ.

ನನಗೆ ಚಿಂತೆ ಆಯಿಯದು, ನನ್ನ ತಾಯಿಯದು. ಈಗ ಮುರುಗಲಿನ (ಪುನರ್ಪುಳಿ, ಕೋಕಂ) ಕಾಲ. ಜಗಲಿಯ ತುದಿಯಲ್ಲಿ ಕೂತು ಹಣ್ಣು ಒಡೆಯುತ್ತಾಳೆ, ಬೀಜ ಬೇರೆ ಮಾಡುತ್ತಾಳೆ, ಸಿಪ್ಪೆಯನ್ನು ಅದರದೇ ರಸದಲ್ಲಿ ಉಪ್ಪು ಹಾಕಿ ಅದ್ದಿ ಅಂಗಳದಲ್ಲಿ ಹರವುತ್ತಾಳೆ. ಒಣಗಿದ್ದು ಮತ್ತೆ ರಸಕ್ಕೆ, ಮತ್ತೆ ಬಿಸಿಲಿಗೆ, ಸಿಪ್ಪೆ ಕಪ್ಪಾಗುವವರೆಗೂ. ಬೆರಳ ಸಂದೆಲ್ಲ ಕೆಂಪು. ಆಸರಿಗೆ (ಬಾಯಾರಿಕೆಗೆ) ಕುಡಿ ಎಂದರೆ, ‘ಯಂಗೆ ಆಸ್ರಾಗ್ತಿಲ್ಲೆ ತಮಾ’ ಎನ್ನುತ್ತಾಳೆ.

ಅವಳು ಹೇಳುವುದು ನಿಜವೇ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಂದುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೂ ಗೊತ್ತಾಗುವುದಿಲ್ಲ. ಅದಕ್ಕೇ ಈಗ ಬೇಕಾ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ಗಡಿಯಾರ ನೋಡಿ ಲೋಟ ಕೈಗೇ ಕೊಡುತ್ತೇನೆ: ಬೆಲ್ಲ, ಚಿಟಿಕೆ ಉಪ್ಪು ಹಾಕಿದ ಮುರುಗಲು ಪಾನಕ, ಇಲ್ಲವೇ ಮಜ್ಜಿಗೆ, ಗಂಜಿ ತಿಳಿ. ಸಿಹಿಯ ಜೊತೆ ಹೋದ ಉಪ್ಪು, ನೀರನ್ನು ಕರುಳು ಬೇಗ ಹೀರಿಕೊಳ್ಳುತ್ತದೆ, ಓಆರ್‌ಎಸ್‌ನ ಗುಟ್ಟೂ ಅದೇ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ-ನೀರು ಕೊಡುತ್ತಿದ್ದ ನಮ್ಮ ಹಿರಿಯರ ತಿಳಿವಳಿಕೆ ದೊಡ್ಡದು. (ಬಿಪಿ ಇದ್ದವರು ಉಪ್ಪಿನ ವಿಷಯ ಡಾಕ್ಟರನ್ನು ಕೇಳಿಕೊಳ್ಳಿ.)

ಊಟಕ್ಕೆ ಅಪ್ಪೆಹುಳಿ, ಒಂದೆಲಗದ ತಂಬುಳಿ. ಒಗ್ಗರಣೆ ಬಿಟ್ಟರೆ ಒಲೆಯ ಮುಂದೆ ನಿಲ್ಲುವ ಕೆಲಸವಿಲ್ಲ.

ರಾತ್ರಿಯದು ಬೇರೆ ಪಾಡು. ಹೊಸ ಕೋಣೆಯ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ಕತ್ತಲಾದ ಮೇಲೆ ಕಾರುತ್ತದೆ. ಹಂಚಿನ ಮಾಡಿನಲ್ಲಾದರೆ ಸಂದುಗಳಿಂದ ಬಿಸಿಗಾಳಿ ಮೇಲೆ ಹೋಗುತ್ತದೆ. ಹಾಗಾಗಿ ಆಯಿಯ ಹಾಸಿಗೆ ಹಳೆ ಜಗಲಿಗೆ ಬಂದಿದೆ, ಸ್ಲ್ಯಾಬಿನ ಮೇಲೆ ಅಡಿಕೆ ಸೋಗೆ ಹೊದೆಸಿದ್ದೇನೆ. ಮೈ ಕಾದು ಮಾತು ತೊದಲಿದರೆ, ಗಲಿಬಿಲಿಗೊಂಡರೆ, ತಡಮಾಡದೆ 108ಕ್ಕೆ ಫೋನ್ ಮಾಡಬೇಕು, ಗಾಡಿ ಬರುವವರೆಗೂ ಮೈಗೆ ನೀರು ಹಾಕಿ ಗಾಳಿ ಬೀಸುತ್ತಿರಬೇಕು ಎಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಮಂಗಳವಾರ ಮತದಾನ. 85 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿದೆ, ಆಯಿಗೆ ಇನ್ನೂ ಅಷ್ಟಾಗಿಲ್ಲ; ಬೂತಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದಾಳೆ. 7ಕ್ಕೆ ಬಾಗಿಲು ತೆರೆಯುವಾಗಲೇ ಸಾಲಿನಲ್ಲಿರಬೇಕು. ರಿಕ್ಷಾದವನಿಗೆ ಹೇಳಿಯಾಗಿದೆ, ಪಕ್ಕದ ಮನೆಯ ಅಜ್ಜಿಯೂ ಜೊತೆಗೇ ಬರುತ್ತಾರೆ.