ಮೊದಲು ಚೀಟಿ, ಆಮೇಲೆ ಮೈಕು

ಊರಿನ ಯೋಜನೆಗಳ ವಿಷಯ ಬಂದಾಗ 'ಜನರಿಗೇನು ಗೊತ್ತು, ತಜ್ಞರು ನೋಡಿಕೊಳ್ಳಲಿ' ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ನಡೆದ ಜಾನುವಾರು ಪ್ರದರ್ಶನದಲ್ಲಿ ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ಇತ್ತು. ಫ್ರಾನ್ಸಿಸ್ ಗಾಲ್ಟನ್ ಅನ್ನೋ ಇಂಗ್ಲಿಷ್ ವಿಜ್ಞಾನಿ ಅಲ್ಲಿನ 787 ಚೀಟಿಗಳನ್ನು ತರಿಸಿಕೊಂಡು, ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಜೋಡಿಸಿ, ನಡುವಿನದನ್ನು ನೋಡಿದರು. 1207 ಪೌಂಡ್. ನಿಜವಾದ ತೂಕ 1198! ಪ್ರಜಾಪ್ರಭುತ್ವದ ತೀರ್ಮಾನವನ್ನು ಅಂದುಕೊಂಡದ್ದಕ್ಕಿಂತ ಜಾಸ್ತಿ ನಂಬಬಹುದು ಅಂತ ಅವರೇ ಬರೆದರು.

ಆದರೆ ಅಲ್ಲಿ ಒಬ್ಬೊಬ್ಬರೂ ತಮ್ಮ ಚೀಟಿ ತಾವೇ ಬರೆದಿದ್ದರು. ಮೊದಲು ಬಂದವನು ಜೋರಾಗಿ ಒಂದು ಅಂಕಿ ಕೂಗಿದ್ದರೆ ಉಳಿದವರು ಅದರ ಸುತ್ತಲೇ ಸುತ್ತುತ್ತಿದ್ದರು, ಅಲ್ವಾ? ನಮ್ಮ ಸಭೆಗಳಲ್ಲಿ ಆಗೋದು ಇದೇ. ಮೈಕು ಹಿಡಿದವರ ಮಾತೇ ಎಲ್ಲರ ಮಾತಾಗಿಬಿಡುತ್ತದೆ. ಚರಂಡಿಯ ನಕ್ಷೆ ಎಂಜಿನಿಯರ್ ಕೈಯಲ್ಲಿರುತ್ತದೆ, ನಿಜ. ಮಳೆ ಬಂದಾಗ ನೀರು ಮೊದಲು ಯಾವ ಮೂಲೆಯಿಂದ ಒಳಗೆ ನುಗ್ಗುತ್ತದೆ ಅನ್ನೋದು ಮಾತ್ರ ಹೊಸಿಲಲ್ಲಿ ಗೋಣಿಚೀಲ ಒಡ್ಡಿ ನಿಂತ ಹೆಂಗಸಿಗೇ ಗೊತ್ತು, ಅವಳು ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿರುತ್ತಾಳೆ.

ಐರ್ಲೆಂಡ್ 2016ರಲ್ಲಿ ಬೇರೆ ದಾರಿ ಹಿಡಿಯಿತು. ಜನರ ನಡುವಿಂದಲೇ ಆರಿಸಿದ 99 ಸಾಮಾನ್ಯರು ವಾರಾಂತ್ಯಗಳಲ್ಲಿ ಕೂತು, ತಜ್ಞರ ಮಾತು ಕೇಳಿ, ಗರ್ಭಪಾತದ ಕಾನೂನು ಬದಲಾಗಬೇಕು ಅಂದರು. 2018ರ ಜನಮತಗಣನೆಯಲ್ಲಿ ಸುಮಾರು 66% ಮತದಾರರು ಬದಲಾವಣೆಗೆ ಹೂಂ ಅಂದರು.

ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಯೋಜನೆಗೆ ಸಹಿ ಬೀಳುವ ಮೊದಲೇ ಜನರನ್ನು ಕರೆಯಿರಿ. ಸಭೆಯಲ್ಲಿ ಮೊದಲು ಎಲ್ಲರ ಕೈಗೂ ಚೀಟಿ ಕೊಡಿ. ಬರೆಯಲು ಬಾರದವರ ಮಾತನ್ನು ಪಕ್ಕದಲ್ಲಿ ಕೂತು ಬರೆದುಕೊಳ್ಳಿ. ಮೈಕು ಆಮೇಲೆ.