ಮಡಿಕೇರಿ ಮಳೆಯಲ್ಲಿ ದುಬಾರಿ ವಾಚಿನ ಡಬ್ಬಿ

ಮಡಿಕೇರಿಯಲ್ಲಿ ವಾಚ್ ರಿಪೇರಿ ಮಾಡುವವರಿಗೆ ಮಳೆಗಾಲವೇ ಸೀಸನ್. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ತನಕ ಬಿಡುವಿಲ್ಲ. ಗ್ಲಾಸಿನೊಳಗೆ ಹಬೆ ಕೂತ ವಾಚು, ತುಕ್ಕು ಹಿಡಿದ ಕೀ, ಬೂಸ್ಟು ಬಂದ ಬೆಲ್ಟು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ವಿಚಿತ್ರ ಅಂದರೆ, ಇದರಲ್ಲಿ ದಿನಾ ಕೈಗೆ ಕಟ್ಟಿಕೊಂಡು ತೋಟದಲ್ಲಿ ಓಡಾಡುವವರ ವಾಚು ಕಡಿಮೆ. ಜೋಪಾನವಾಗಿ ಡಬ್ಬಿಯಲ್ಲಿಟ್ಟ ವಾಚೇ ಜಾಸ್ತಿ. ಮದುವೆಗೆ ಕೊಟ್ಟದ್ದು, ರಿಟೈರ್ ಆದಾಗ ಬಂದದ್ದು, ಮಗ ದುಬೈನಿಂದ ತಂದದ್ದು.

ಡಬ್ಬಿಯಲ್ಲಿ ಇಟ್ಟರೆ ಸೇಫ್ ಅಂತ ಎಲ್ಲರೂ ಅಂದುಕೊಳ್ಳುತ್ತೇವೆ, ಅಲ್ವಾ? ಬೆಂಚಿನ ಮುಂದೆ ಕೂತು ನಾನು ಕಲಿತದ್ದು ಬೇರೆ. ವಾಚನ್ನು ವರ್ಷಗಟ್ಟಲೆ ಇಡೋಕೆ ಮಾಡಿದ ಡಬ್ಬಿ ಬೇರೆ, ಶೋರೂಮಿನಲ್ಲಿ ತೆರೆದು ತೋರಿಸೋಕೆ ಮಾಡಿದ ಡಬ್ಬಿ ಬೇರೆ. ಹಿಂದೆ ಮೊದಲನೆಯದು ಇತ್ತು. ಈಗ ನಮ್ಮ ಕೈಗೆ ಬರುವುದೆಲ್ಲ ಹೆಚ್ಚುಕಡಿಮೆ ಎರಡನೆಯದೇ.

ಹಳೇ ಡಬ್ಬಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಹಡಗಿನ ಕ್ರೋನೋಮೀಟರಿನ ಪೆಟ್ಟಿಗೆ. ಸಮುದ್ರದ ಮಧ್ಯೆ ಹಡಗು ಎಲ್ಲಿದೆ ಅಂತ ಲೆಕ್ಕ ಹಾಕಲು ಬಳಸುತ್ತಿದ್ದ ಗಡಿಯಾರ ಅದು. ಮಹೋಗನಿಯಂಥ ಗಟ್ಟಿ ಮರದ ಪೆಟ್ಟಿಗೆ, ಒಳಗೆ ಒಂದರೊಳಗೊಂದು ಹಿತ್ತಾಳೆ ಬಳೆ. ಗಡಿಯಾರ ಆ ಬಳೆಗಳ ಮೇಲೆ ತೂಗುತ್ತದೆ. ಹಡಗು ಎತ್ತ ವಾಲಿದರೂ ಡಯಲ್ ಮಾತ್ರ ಮೇಲ್ಮುಖವಾಗಿ ಮಲಗಿದ ಹಾಗೇ ಇರುತ್ತದೆ. ಪೆಟ್ಟಿಗೆಯಿಂದ ಹೊರಗೆ ತೆಗೆದರೆ ಅದರ ಲೆಕ್ಕ ಕೆಡುತ್ತದೆ. ಅಂದರೆ ಪೆಟ್ಟಿಗೆಯೂ ಯಂತ್ರದ ಒಂದು ಭಾಗವೇ.

ಜೇಬು ಗಡಿಯಾರದ ಕಾಲದಲ್ಲೂ ಡಬ್ಬಿಗೆ ಕೆಲಸ ಇತ್ತು. 19ನೇ ಶತಮಾನದಲ್ಲಿ ಪಾಟೆಕ್ ಫಿಲಿಪ್‌ನಂಥ ಜಿನೀವಾದ ತಯಾರಕರು ಒಳ್ಳೆಯ ಗಡಿಯಾರಗಳ ಡಬ್ಬಿಯಲ್ಲೇ ಒಂದು ಬಿಡಿ ಸ್ಪ್ರಿಂಗು, ಒಂದು ಬಿಡಿ ಗ್ಲಾಸು ಇಟ್ಟು ಕೊಡುತ್ತಿದ್ದರು. ಸುಮ್ನೆ ಅಲ್ಲ. ಗಡಿಯಾರವನ್ನು ನಡೆಸುವ ಮೇನ್ ಸ್ಪ್ರಿಂಗು ಆಗ ಉಕ್ಕಿನದು, ಯಾವಾಗ ಬೇಕಾದರೂ ಪಟ್ ಅಂತ ಮುರಿಯುತ್ತಿತ್ತು. ಗಡಿಯಾರ ಕೊಂಡವರು ಜಿನೀವಾದಿಂದ ಎಷ್ಟು ದೂರ ಇದ್ದರೂ, ಊರಿನ ರಿಪೇರಿಯವನ ಕೈಗೆ ಡಬ್ಬಿ ಕೊಟ್ಟರೆ ಕೆಲಸ ಆಗುತ್ತಿತ್ತು. 1950ರ ಆಸುಪಾಸಿನಲ್ಲಿ ಸುಲಭಕ್ಕೆ ಮುರಿಯದ ಮಿಶ್ರಲೋಹದ ಸ್ಪ್ರಿಂಗು ಬಂತು, ಬಿಡಿ ಸ್ಪ್ರಿಂಗಿನ ಅಗತ್ಯ ಹೋಯಿತು. ರಿಪೇರಿಯವನಾಗಿ ನನಗೆ ಆ ಕಾಲದ ಡಬ್ಬಿಯ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ. ಈಗಿನ ಡಬ್ಬಿಯಲ್ಲಿ ನನಗೆ ಅಂತ ಇರುವುದು ಹಲವು ಭಾಷೆಗಳ ದಪ್ಪ ವಾರಂಟಿ ಪುಸ್ತಕ ಮಾತ್ರ.

ಕೈಗಡಿಯಾರ ಬಂದ ಮೇಲೆ ಡಬ್ಬಿ ಚಿಕ್ಕದಾಯಿತು. ರಟ್ಟಿನ ಮೇಲೆ ಚರ್ಮ ಅಥವಾ ರೆಕ್ಸಿನ್ ಅಂಟಿಸಿ, ಒಳಗೆ ಮಖಮಲ್ ಹಾಕಿದ ಡಬ್ಬಿಗಳು ಬಂದವು. ಅಂಚಿಗೆ ಬಂಗಾರದ ಗೆರೆ ಎಳೆದ ಕಾರ್ತಿಯೇ ಕಂಪನಿಯ ಕೆಂಪು ಡಬ್ಬಿ ಇವತ್ತಿಗೂ ಅದರ ಗುರುತು. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಬೇಕಲೈಟ್ ಕಂಡುಹಿಡಿದ ಮೇಲೆ ಅದರ ಗಟ್ಟಿ, ಹೊಳೆಯುವ ಡಬ್ಬಿಗಳೂ ಬಂದವು. ತೇವಕ್ಕೆ ಜಗ್ಗದ ವಸ್ತು ಅದು. ಬಿದ್ದರೆ ಮಾತ್ರ ಚೂರು.

ನಮ್ಮ ಕಡೆ ಹಳೇ ಫಾರಿನ್ ವಾಚುಗಳಿಗೆ ಡಬ್ಬಿ ಸಿಗುವುದೇ ಅಪರೂಪ. ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ವಾಚು ತರಿಸುವುದಕ್ಕೆ ಸರ್ಕಾರದ ಬಿಗಿ ಜಾಸ್ತಿ ಆಯಿತು. 1980ರ ದಶಕದ ತನಕ ತುಂಬಾ ವಾಚು ಬಂದದ್ದು ಕಳ್ಳಸಾಗಣೆಯಲ್ಲೇ. ಕಳ್ಳಮಾಲು ತರುವವನು ಡಬ್ಬಿ ಹೊರುತ್ತಾನಾ? ಗಲ್ಫ್‌ನಿಂದ ಬರುವವರೂ ಡಬ್ಬಿ ಅಲ್ಲೇ ಬಿಸಾಡಿ, ವಾಚು ಕೈಗೆ ಕಟ್ಟಿಕೊಂಡು ಕಸ್ಟಮ್ಸ್ ದಾಟುತ್ತಿದ್ದರು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚು ಶುರುವಾದ ಮೇಲೆ ನಮ್ಮ ಜನಕ್ಕೆ ನೆಟ್ಟಗೆ ಬಿಲ್ಲು, ಡಬ್ಬಿ ಸಮೇತ ವಾಚು ಕೊಳ್ಳುವ ಅಭ್ಯಾಸ ಆಯಿತು ಅನ್ನಬಹುದು. ಆ ಡಬ್ಬಿಗಳು ಆಮೇಲೆ ಸೂಜಿದಾರ, ಗುಂಡಿ ಹಾಕಿಡೋಕೆ ಹೋದವು. ಅದೂ ಒಂದು ಒಳ್ಳೆಯ ಬಾಳೇ.

ಹಾಗಾಗಿ ಕೊಡಗಿನ ಮಿಲಿಟರಿ ಮನೆಗಳಿಂದ ಬರುವ ಹಳೇ ವಾಚುಗಳು ಬರುವುದೇ ಬೇರೆ ಬೇರೆ ವೇಷದಲ್ಲಿ. ಪೊನ್ನಂಪೇಟೆ ಕಡೆಯ ರಿಟೈರ್ಡ್ ಸುಬೇದಾರ್ ಸಾಹೇಬರೊಬ್ಬರು ತಮ್ಮ ತಂದೆಯ ವೆಸ್ಟ್ ಎಂಡ್ ಸೋವಾರ್ ವಾಚು ತಂದಿದ್ದರು. ಹಿಂದಿನ ಸೈನ್ಯದವರ ಕೈಯಲ್ಲಿ ತುಂಬಾ ಕಾಣುತ್ತಿದ್ದ ಕೀ ಕೊಡುವ ವಾಚು ಅದು. ಹಳೇ ಹತ್ತಿ ಪಂಚೆಯ ತುಂಡಿನಲ್ಲಿ ಸುತ್ತಿ, ಏಲಕ್ಕಿ ಹಾಕುತ್ತಿದ್ದ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದರು. ಡಬ್ಬಿ ಇದ್ದದ್ದು ಅಡುಗೆಮನೆಯ ಒಲೆಯ ಹಿಂದಿನ ಗೋಡೆಗೂಡಿನಲ್ಲಂತೆ. ತೆರೆದು ನೋಡಿದರೆ ಎಣ್ಣೆ ಒಣಗಿ ಅಂಟಾಗಿತ್ತು, ಅಷ್ಟೇ. ತುಕ್ಕಿನ ಚುಕ್ಕೆ ಒಂದೂ ಇಲ್ಲ.

ಅವರ ಜೊತೆ ಬಂದಿದ್ದ ಅಣ್ಣನ ಮಗನ ಕೈಯಲ್ಲಿ ದೊಡ್ಡ ಕಪ್ಪು ಡಬ್ಬಿ. ಸ್ವಿಸ್ ವಾಚು, ಬೆಲೆ ಲಕ್ಷಗಳಲ್ಲಿ. ಮುಚ್ಚಳ ತೆಗೆದರೆ ಬೆರಳಿಗೆ ಕಪ್ಪು ಅಂಟು. ಒಳಗಿನ ದಿಂಬಿನ ಮೇಲ್ಪದರ ಸುಲಿದು, ಅದರ ಚೂರುಗಳು ಚೈನಿನ ಕೊಂಡಿಗಳ ಸಂದಿಯಲ್ಲಿ ಸೇರಿಕೊಂಡಿದ್ದವು.

"ಡಬ್ಬಿ ಮುಟ್ಟೇ ಇಲ್ಲ ಅಣ್ಣಾ, ಬೀರುವಿನಲ್ಲೇ ಇತ್ತು," ಅಂದ ಹುಡುಗ.

"ಅದಕ್ಕೇ ಹೀಗಾಗಿದ್ದು," ಅಂದೆ. ಸುಬೇದಾರ್ ಸಾಹೇಬರು ಅವನ ಮುಖ ನೋಡಿ ನಕ್ಕುಬಿಟ್ಟರು.

ಇಷ್ಟು ದೊಡ್ಡ ಡಬ್ಬಿ ಯಾಕೆ ಬಂತು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. 1969ರ ಡಿಸೆಂಬರ್‌ನಲ್ಲಿ ಸೀಕೋ ಕಂಪನಿ ಆಸ್ಟ್ರಾನ್ ಅನ್ನುವ, ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್ ವಾಚು ಬಿಟ್ಟಿತು. ಮುಂದಿನ ವರ್ಷಗಳಲ್ಲಿ ಸೆಲ್ಲಿನ ವಾಚು ಅಗ್ಗವಾಯಿತು. ಸಮಯವನ್ನೂ ಕೀ ವಾಚಿಗಿಂತ ಸರಿಯಾಗಿ ತೋರಿಸುತ್ತಿತ್ತು. ಸ್ವಿಸ್ ಮೆಕ್ಯಾನಿಕಲ್ ವಾಚಿಗೆ ಸಮಯ ತೋರಿಸುವ ಕೆಲಸದಲ್ಲಿ ಇನ್ನು ಗೆಲುವಿಲ್ಲ ಅಂತಾಯಿತು. ಆಗ ಅದು ಅಂತಸ್ತಿನ ವಸ್ತು ಆಯಿತು. ಅಂತಸ್ತಿನ ವಸ್ತುವಿಗೆ ಮೆರವಣಿಗೆ ಬೇಕಲ್ಲ? ಡಬ್ಬಿ ಬೆಳೆಯತೊಡಗಿತು. ಬ್ರೈಟ್ಲಿಂಗ್ ಮತ್ತೆ ಬೇಕಲೈಟಿನ ದೊಡ್ಡ ಡಬ್ಬಿ ಕೊಟ್ಟಿತು. ಪನೆರಾಯ್ ಮರದ ಪೆಟ್ಟಿಗೆಯಲ್ಲಿ ಇನ್ನೊಂದು ಬೆಲ್ಟು, ಒಂದು ಸ್ಕ್ರೂಡ್ರೈವರ್ ಇಟ್ಟಿತು (ಇದು ನನಗೆ ಮೆಚ್ಚುಗೆ). 2014ರಲ್ಲಿ ಒಮೆಗಾ ತನ್ನ ಸ್ಪೀಡ್‌ಮಾಸ್ಟರ್‌ಗೆ ಕೊಟ್ಟ ಡಬ್ಬಿಯನ್ನು ನಮ್ಮ ಕೌಂಟರಿನ ಮೇಲೆ ಇಟ್ಟರೆ ಬೇರೆ ಗಿರಾಕಿಗೆ ಜಾಗ ಇಲ್ಲ. ಬೇರೆ ಬೆಲ್ಟುಗಳು, ಬೆಲ್ಟು ಬದಲಿಸುವ ಸಾಧನ, ಭೂತಗನ್ನಡಿ, ಪುಸ್ತಕ ಎಲ್ಲ ಅದರೊಳಗೆ. 2021ರಲ್ಲಿ ಹೊಸ ಮಾದರಿ ಬಂದಾಗ ಡಬ್ಬಿ ಮತ್ತೆ ಸಣ್ಣದಾಯಿತು.

ದೊಡ್ಡದಾದದ್ದು ತಪ್ಪಲ್ಲ. ತೊಂದರೆ ಇರುವುದು ಒಳಗೆ ತುಂಬಿದ ಮಾಲಿನಲ್ಲಿ. ಹೊರಗಿನ ಮರ, ಪಾಲಿಶ್, ಹೆಸರಿನ ಅಚ್ಚು ಎಲ್ಲ ಚೆನ್ನಾಗಿರುತ್ತದೆ. ಒಳಗೆ ಚರ್ಮದ ಹಾಗೆ ಕಾಣುವುದು ಎಷ್ಟೋ ಸಲ ಬಟ್ಟೆಯ ಮೇಲೆ ಪಾಲಿಯುರೆಥೇನ್ ಬಳಿದ ಪಿಯು ಲೆದರ್. ದಿಂಬಿನೊಳಗಿನ ಸ್ಪಂಜೂ ಸಾಮಾನ್ಯವಾಗಿ ಅದೇ ಜಾತಿಯದು. ಗಾಳಿಯ ನೀರಿನಂಶ ಸೇರಿದಾಗ ಈ ಪಾಲಿಯುರೆಥೇನಿನ ಉದ್ದ ಸರಪಳಿಗಳು ಒಳಗೊಳಗೇ ತುಂಡಾಗುತ್ತವೆ. ಬಳಸಿದರೂ ಒಂದೇ, ಬಿಟ್ಟರೂ ಒಂದೇ. ಮೊದಲು ಮೇಲ್ಮೈ ಜಿಡ್ಡಾಗುತ್ತದೆ. ಆಮೇಲೆ ಬಿಸಿಲಿಗೆ ಬೆಂದ ಚರ್ಮದ ಹಾಗೆ ಏಳುತ್ತದೆ. ಸ್ಪಂಜು ಹಳದಿಯಾಗಿ, ಮುಟ್ಟಿದರೆ ಪುಡಿ. ಬಿಸಿ ಮತ್ತು ತೇವ ಎರಡೂ ಸೇರಿದರೆ ಇನ್ನೂ ಬೇಗ. ಒಣ ಊರಿನಲ್ಲಿ ತುಂಬಾ ವರ್ಷ ಬಾಳುವ ಡಬ್ಬಿ ಮಡಿಕೇರಿಯಲ್ಲಿ ಅಷ್ಟು ಬಾಳುವುದಿಲ್ಲ. ಭಾಗಮಂಡಲ, ನಾಪೋಕ್ಲು ಕಡೆಯಿಂದ ಬರುವ ಡಬ್ಬಿಗೂ ಕುಶಾಲನಗರದಿಂದ ಬರುವ ಡಬ್ಬಿಗೂ ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತದೆ.

ಒಳಗಿರುವ ಸಣ್ಣ ಸಿಲಿಕಾ ಜೆಲ್ ಪೊಟ್ಟಣದ ಮೇಲೆ ಜನಕ್ಕೆ ಬಹಳ ನಂಬಿಕೆ. ಅದು ಒಂದು ಮಟ್ಟದ ತನಕ ತೇವ ಹೀರುತ್ತದೆ, ಆಮೇಲೆ ಸುಮ್ಮನೆ ಕೂರುತ್ತದೆ. ಮಳೆ ಜೋರಿರುವ ಕಕ್ಕಡ ತಿಂಗಳಲ್ಲಿ ಡಬ್ಬಿಯನ್ನು ಒಂದೆರಡು ಸಲ ತೆರೆದು ಮುಚ್ಚಿದರೆ ಅದರ ಕಥೆ ಮುಗಿಯಿತು. ಬಣ್ಣ ಬದಲಾಯಿಸುವ ಮಣಿಗಳ ಜೆಲ್ ಒಳ್ಳೆಯದು. ಕಿತ್ತಳೆ ಬಣ್ಣದ್ದು ಹಸಿರಾದರೆ ತೇವ ತುಂಬಿದೆ ಅಂತ ಅರ್ಥ. ಸಣ್ಣ ಬಿಸಿಯಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯ ಮರದ್ದು. ಎಸ್ಟೇಟಿನವರು ಕೆಲವರು, ಒಳ್ಳೆಯ ಬೀಟೆ ಮರದಲ್ಲೋ ತೇಗದಲ್ಲೋ ಒಂದು ಪೆಟ್ಟಿಗೆ ಮಾಡಿಸಿಕೊಡಿ ಅಂತ ಕೇಳುತ್ತಾರೆ. ಬಡಗಿ ಚೆಂದ ಮಾಡಿಕೊಡುತ್ತಾನೆ. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಮರವೂ ಹುಳಿ ಆವಿ ಬಿಡುತ್ತದೆ. ಓಕ್ ಮರಕ್ಕಂತೂ ಇದು ಕುಖ್ಯಾತಿ. ಹಸಿ ಪಾಲಿಶ್, ಅಂಟು ಕೂಡ ಆವಿ ಬಿಡುತ್ತವೆ. ಉಣ್ಣೆಯ ಫೆಲ್ಟು, ಕೆಲವು ರಬ್ಬರುಗಳಲ್ಲಿ ಗಂಧಕ ಇರುತ್ತದೆ, ಬೆಳ್ಳಿ ಅದಕ್ಕೆ ಕಪ್ಪಾಗುತ್ತದೆ. ಸ್ಟೀಲು, ಬಂಗಾರಕ್ಕೆ ಇದು ಹೆಚ್ಚು ತಟ್ಟುವುದಿಲ್ಲ. ಅಜ್ಜನ ಕಾಲದ ಬೆಳ್ಳಿ ಜೇಬು ಗಡಿಯಾರ, ಬೆಳ್ಳಿ ಲೇಪದ ಡಯಲ್ಲು, ಹಿತ್ತಾಳೆ ಭಾಗಗಳಿಗೆ ತಟ್ಟುತ್ತದೆ.

ಮ್ಯೂಸಿಯಮ್ಮುಗಳಿಗೆ ಇದು ಹಳೇ ತಲೆನೋವು. 1973ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಆಂಡ್ರ್ಯೂ ಆಡಿ ಇದಕ್ಕೆ ಒಂದು ಪರೀಕ್ಷೆ ಹೇಳಿಕೊಟ್ಟರು. ಪ್ರದರ್ಶನದ ಕಪಾಟಿಗೆ ಬಳಸುವ ಬಟ್ಟೆ, ಮರ, ಅಂಟಿನ ಚೂರನ್ನು ಬೆಳ್ಳಿ, ತಾಮ್ರ, ಸೀಸದ ತುಂಡುಗಳ ಜೊತೆ ಗಾಜಿನ ಪಾತ್ರೆಯಲ್ಲಿ ಸ್ವಲ್ಪ ನೀರಿನೊಂದಿಗೆ ಮುಚ್ಚಿ, 60 ಡಿಗ್ರಿ ಬಿಸಿಯಲ್ಲಿ 28 ದಿನ ಇಡುವುದು. ಯಾವ ಲೋಹದ ಬಣ್ಣ ಕೆಟ್ಟಿತು ನೋಡುವುದು. ನಮ್ಮ ಅಂಗಡಿಯಲ್ಲಿ ಇದರ ಬಡವರ ಅವತಾರ ನಡೆಯುತ್ತದೆ. ಡಬ್ಬಿಗೆ ಹಾಕುವ ಬಟ್ಟೆಯ ಚೂರು, ಉಜ್ಜಿ ಹೊಳೆಸಿದ ಬೆಳ್ಳಿ ಮತ್ತು ತಾಮ್ರದ ಚೂರು, ಒದ್ದೆ ಹತ್ತಿ, ಉಪ್ಪಿನಕಾಯಿ ಬಾಟಲಿ. ಲ್ಯಾಬಿನ ನಿಖರತೆ ಇಲ್ಲ, ಆದರೆ ತೀರಾ ಕೆಟ್ಟ ಮಾಲು ಸಿಕ್ಕಿಬೀಳುತ್ತದೆ. ಯಜಮಾನರು ಮೊದಲು "ಇದೇನು ಮಾಟ ಮಾಡ್ತಿದ್ದೀಯಾ?" ಅಂತ ಕೇಳಿದ್ದರು. ಈಗ ಹೊಸ ಬಟ್ಟೆ ಬಂದರೆ ಅವರೇ ಬಾಟಲಿ ಹುಡುಕುತ್ತಾರೆ. ಬಣ್ಣ ಹಾಕದ, ಒಗೆದು ಒಣಗಿಸಿದ ಹತ್ತಿ ಬಟ್ಟೆ ಇದರಲ್ಲಿ ಯಾವಾಗಲೂ ಪಾಸು. ಏಲಕ್ಕಿ ಡಬ್ಬಿಯೊಳಗಿದ್ದ ಪಂಚೆಯ ತುಂಡು ಯಾಕೆ ಕೈಕೊಡಲಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲಿದೆ. ಇನ್ನರ್ಧ ಒಲೆಯ ಶಾಖ.

ಕೈಯ ಅಲುಗಾಟಕ್ಕೆ ತಾನೇ ಕೀ ಆಗುವ ಆಟೊಮ್ಯಾಟಿಕ್ ವಾಚನ್ನು, ನಿಲ್ಲದಂತೆ ಕರೆಂಟಿನಲ್ಲಿ ತಿರುಗಿಸುತ್ತಾ ಇಡುವ ವೈಂಡರ್ ಡಬ್ಬಿಗಳ ಬಗ್ಗೆ ಕೇಳುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ ಅದರ ಬಗ್ಗೆ ನಾನು ಹೇಳುವುದೇನೂ ಇಲ್ಲ.

ಹಾಗಾದರೆ ಕಂಪನಿ ಡಬ್ಬಿ ಬಿಸಾಡಬೇಕಾ? ಬೇಡವೇ ಬೇಡ. ಮಾರುವಾಗ ಡಬ್ಬಿ, ಪೇಪರು ಎರಡೂ ಇದ್ದರೆ ಫುಲ್ ಸೆಟ್ ಅಂತಾರೆ, ಬೆಲೆ ಜಾಸ್ತಿ ಸಿಗುತ್ತದೆ. ಅದಕ್ಕಾಗಿಯೇ ಖಾಲಿ ಡಬ್ಬಿಗಳಿಗೂ ಮಾರುಕಟ್ಟೆ ಇದೆ, ನಕಲಿ ಡಬ್ಬಿಗಳಿಗೂ ಇದೆ. ಹಳೇ ವಾಚಿಗೆ ಬೇರೆ ಕಾಲದ ಡಬ್ಬಿ ಜೋಡಿಸಿ ಮಾರುವವರೂ ಇದ್ದಾರೆ. ರೋಲೆಕ್ಸ್‌ನ ಹಸಿರು ಡಬ್ಬಿಗಳಲ್ಲಿ ಚಂದ್ರನ ಮೇಲಿನ ಕುಳಿಗಳಂಥ ವಿನ್ಯಾಸದ್ದು ಒಂದಿದೆ, 1970-80ರ ದಶಕದ ಸುಮಾರಿನದು. ಅದರಲ್ಲಿ 1950ರ ದಶಕದ ವಾಚು ಕೂತಿದ್ದರೆ ಡಬ್ಬಿ ಆಮೇಲೆ ಬಂದು ಸೇರಿದೆ ಅಂತಲೇ ಲೆಕ್ಕ. ಅದು ಮೋಸವೇ ಆಗಬೇಕೆಂದಿಲ್ಲ. ಆದರೆ ಡಬ್ಬಿ ನೋಡಿ ವಾಚಿನ ಹುಟ್ಟಿದ ವರ್ಷ ನಂಬಬೇಡಿ.

ನಾನು ಗಿರಾಕಿಗಳಿಗೆ ಹೇಳುವುದು ಇಷ್ಟೇ: ಡಬ್ಬಿ ಮಾರೋಕೆ ಇಡಿ, ವಾಚು ಬೇರೆ ಕಡೆ ಇಡಿ. ವಾಚಿಗೆ ಹತ್ತಿ ಬಟ್ಟೆ, ಗಾಳಿಯಾಡದ ಸ್ಟೀಲು ಅಥವಾ ಒಳ್ಳೆ ಪ್ಲಾಸ್ಟಿಕ್ ಡಬ್ಬ, ಒಣಗಿಸಿದ ಜೆಲ್ ಸಾಕು. ಚರ್ಮದ ಬೆಲ್ಟು ಬಿಚ್ಚಿ ಬೇರೆ ಇಟ್ಟರೆ ಬೂಸ್ಟು ಕೇಸಿಗೆ ಹತ್ತುವುದಿಲ್ಲ. ಸೆಲ್ಲಿನ ವಾಚಾದರೆ ಮುಗಿದ ಸೆಲ್ಲು ತೆಗೆಸಿಯೇ ಇಡಬೇಕು, ಸೋರಿದರೆ ಒಳಗಿನ ಯಂತ್ರವೇ ಹೋಗುತ್ತದೆ. ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್ ಇರುವವರು ಅದರಲ್ಲೇ ಒಂದು ಮೂಲೆ ಕೊಡಬಹುದು.

2020ರಲ್ಲಿ ಬ್ರೈಟ್ಲಿಂಗ್, ಹಳೇ ಪ್ಲಾಸ್ಟಿಕ್ ಬಾಟಲಿಗಳನ್ನು ಕರಗಿಸಿ ಮಾಡಿದ, ಮಡಚಿ ಚಪ್ಪಟೆ ಮಾಡಬಹುದಾದ ಡಬ್ಬಿ ತಂದಿತು. ಸಾಗಿಸೋಕೆ ಜಾಗ ಕಡಿಮೆ, ಮಾಲಿನ್ಯ ಕಡಿಮೆ ಅನ್ನುವುದು ಕಂಪನಿಯ ಮಾತು. ಅಂಥದೊಂದು ಡಬ್ಬಿ ತಂದಿದ್ದ ಸೋಮವಾರಪೇಟೆಯ ಗಿರಾಕಿಗೆ ಭಾರೀ ಬೇಜಾರು. "ಇಷ್ಟು ದುಡ್ಡು ಕೊಟ್ಟು ಟಿಫಿನ್ ಬ್ಯಾಗ್ ಕೊಟ್ಟ ಹಾಗಾಯ್ತಲ್ಲ ಸಾರ್" ಅಂದರು. ನನಗೆ ಅದು ಖುಷಿ ಕೊಟ್ಟಿತು. ಬಾಟಲಿಯ ಪ್ಲಾಸ್ಟಿಕ್ಕು ನಮ್ಮ ತಂಡಿಗೆ ಪಿಯು ಹಾಗೆ ಬೇಗ ಸುಲಿಯುವ ಜಾತಿ ಅಲ್ಲ. ಬೀರುವಿನಲ್ಲಿ ಜಾಗವನ್ನೂ ತಿನ್ನುವುದಿಲ್ಲ.

ಈಗ ನಮ್ಮ ಸರ್ವೀಸ್ ಚೀಟಿಯಲ್ಲಿ ವಾಚಿನ ನಂಬರಿನ ಕೆಳಗೆ ಇನ್ನೊಂದು ಸಾಲು ಸೇರಿದೆ: ಡಬ್ಬಿ ಇದೆಯಾ, ಒಳಪದರ ಗಟ್ಟಿಯೋ ಜಿಡ್ಡೋ. ಜಿಡ್ಡು ಅಂತ ಬರೆದರೆ ಸರ್ವೀಸ್ ಆದ ವಾಚನ್ನು ಆ ಡಬ್ಬಿಗೆ ವಾಪಸ್ ಹಾಕಿ ಕೊಡುವುದಿಲ್ಲ. ಹತ್ತಿ ಚೀಲದಲ್ಲಿ ಹಾಕಿ, ಡಬ್ಬಿಯನ್ನು ಬೇರೆ ಕವರಿನಲ್ಲಿ ಕೊಡುತ್ತೇವೆ. ಕೆಲವರು ಗೊಣಗುತ್ತಾರೆ. ಉಡುಗೊರೆ ಕೊಡೋಕೆ ತೆಗೆದುಕೊಂಡು ಹೋಗುವವರಂತೂ ಒಪ್ಪುವುದೇ ಇಲ್ಲ. ಅವರಿಗೆ ಡಬ್ಬಿಯೊಳಗೆ ಒಂದು ಹೊಸ ಹತ್ತಿ ಬಟ್ಟೆ ಹಾಸಿ ಕೊಡುತ್ತೇವೆ, ಮದುವೆ ಮುಗಿದ ಮೇಲೆ ಹೊರಗೆ ತೆಗೆಯಿರಿ ಅಂತ ಹೇಳಿ.